ತೊಲೆಯ ಮೇಲೆ ಬಂಗಾರದ ಗುಬ್ಬಿ ಇರಲಿಲ್ಲ: ಅಂಜುಮನ್ ಹಿರಿಯರಿಗೆ ಒಂದು ಬಹಿರಂಗ ಪತ್ರ

ಅಂಜುಮನ್ ಕಮಿಟಿಯ ಹಿರಿಯರಿಗೆ, ಮಸೀದಿಯ ಇಮಾಮ್ ಸಾಹೇಬರಿಗೆ, ಗಂಡು ಮಕ್ಕಳನ್ನು ಹೆತ್ತ ಎಲ್ಲ ಅಪ್ಪ ಅಮ್ಮಂದಿರಿಗೆ,

ಅಸ್ಸಲಾಮು ಅಲೈಕುಂ.

ಬೇಸಿಗೆ ರಜೆ ಬರುತ್ತಿದೆ. ಮಸೀದಿಯ ಗೋಡೆಗೆ ಎಂದಿನಂತೆ ಪೋಸ್ಟರ್ ಹತ್ತಿದೆ. ಉಚಿತ ಸಾಮೂಹಿಕ ಮುಂಜಿ ಕಾರ್ಯಕ್ರಮ. ಗಂಡು ಮಕ್ಕಳ ಶಿಶ್ನದ ಮುಂದೊಗಲು ಕತ್ತರಿಸಿ ತೆಗೆಯುವುದು; ಖತ್ನಾ ಅಂದರೂ ಸುನ್ನತ್ ಅಂದರೂ ಇದೇ. ಹೆಸರು ಬರೆಸಲು ಕೊನೆಯ ದಿನ ಯಾವುದು ಅಂತ ಇದೆ. ಬರುವಾಗ ಒಂದು ಲುಂಗಿ ತರಬೇಕು ಅಂತ ಇದೆ. ಮಕ್ಕಳಿಗೆ ಹೊಸ ಬಟ್ಟೆ, ಹಣ್ಣು, ಬಂದವರಿಗೆಲ್ಲ ಊಟ. ಮಗುವನ್ನು ಮೊದಲು ಯಾರು ಪರೀಕ್ಷೆ ಮಾಡುತ್ತಾರೆ, ನೋವಿಗೆ ಏನು ಕೊಡುತ್ತಾರೆ, ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ.

ಆ ಪೋಸ್ಟರ್ ಓದಿದ ರಾತ್ರಿಯೇ ಈ ಪತ್ರ ಬರೆಯಲು ಕೂತೆ. ನಾನು ರಾಣೆಬೆನ್ನೂರು ಕಡೆಯ ನದಾಫರ ಮನೆಯವನು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನಮ್ಮ ಮನೆ ಮಾತು ಕನ್ನಡ. ಡಿ.ಫಾರ್ಮಾ ಓದಿ ಇಪ್ಪತ್ತು ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ನಾನು ಡಾಕ್ಟರೂ ಅಲ್ಲ, ಧರ್ಮಶಾಸ್ತ್ರ ಓದಿದ ಆಲಿಮನೂ ಅಲ್ಲ. ಖತ್ನಾ ಮಾಡಿಸಿಕೊಂಡವನು, ಮಗನಿಗೆ ಮಾಡಿಸಿದವನು. ಮೊಮ್ಮಗ ಹುಟ್ಟಿದರೆ ಅವನಿಗೂ ಆಗಲಿ ಅನ್ನುವವನು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯ ಎತ್ತಿದ ಕೂಡಲೇ ‘ಇವನು ಬೇಡ ಅನ್ನೋಕೆ ಬಂದ’ ಅಂದುಕೊಳ್ಳುವವರು ಜಾಸ್ತಿ.

1988ರ ಮೇ ತಿಂಗಳು. ನನಗೆ ಎಂಟು ವರ್ಷ. ಕಾಕಾನ ಮಗನಿಗೆ ಆರು. ಅವನ ಹೆಸರು ಇಲ್ಲಿ ಬೇಡ, ತಮ್ಮ ಅಂತಲೇ ಕರೆಯುತ್ತೇನೆ. ಒಂದೇ ಖರ್ಚಿನಲ್ಲಿ ಇಬ್ಬರದೂ ಆಗಲಿ ಅಂತ ಒಂದೇ ದಿನ ಇಟ್ಟುಕೊಂಡಿದ್ದರು. ಬೆಳಿಗ್ಗೆ ಅರಿಶಿಣ ಹಚ್ಚಿ ಎರೆದರು. ಕೊರಳಿಗೆ ಹೂವಿನ ಹಾರ, ತಲೆಗೆ ಜರಿ ಟೋಪಿ. ಕುದುರೆ ಸಿಗಲಿಲ್ಲ. ಎತ್ತಿನ ಗಾಡಿಯಲ್ಲಿ ಕೂರಿಸಿ ಹಲಗೆ ಬಡಿಯುತ್ತಾ ಊರೆಲ್ಲ ಸುತ್ತಿಸಿದರು. ಗೌಡರ ಮನೆ ಮುಂದೆ ಗಾಡಿ ನಿಂತಾಗ ಗೌಡತಿ ಹೊರಗೆ ಬಂದು ನಮ್ಮಿಬ್ಬರ ಕೈಗೂ ಎರಡೆರಡು ರೂಪಾಯಿ ಇಟ್ಟರು. ಊರಿಗೆ ಊರೇ ನಮ್ಮನ್ನು ನೋಡಿ ನಗುತ್ತಿತ್ತು. ನಾವೂ ನಗುತ್ತಿದ್ದೆವು. ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಪಡಸಾಲೆಯಲ್ಲಿ ಕಾಳು ಅಳೆಯುವ ಕೊಳಗ ಬೋರಲು ಹಾಕಿ, ಮೇಲೆ ದುಪ್ಪಟಿ ಮಡಚಿಟ್ಟು ನನ್ನನ್ನು ಕೂರಿಸಿದರು. ಸೋದರಮಾವ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡರು. ಖತ್ನಾ ಮಾಡುವ ಚಾಚಾ ಮುಂದೆ ಕೂತರು. ಅವರ ಚೀಲದಲ್ಲಿ ಸೀಳಿದ ಬಿದಿರಿನ ಚಿಮಟ, ಒಂದು ಕ್ಷೌರದ ಕತ್ತಿ, ಒಂದು ಡಬ್ಬಿಯ ತುಂಬ ಸುಟ್ಟ ಬಟ್ಟೆಯ ಬೂದಿ ಇದ್ದವು.

‘ಮ್ಯಾಲೆ ನೋಡಪಾ, ತೊಲಿ ಮ್ಯಾಲೆ ಬಂಗಾರದ ಗುಬ್ಬಿ ಕುಂತೈತಿ’ ಅಂದರು.

ನೋಡಿದೆ. ಹೊಗೆ ಹಿಡಿದು ಕಪ್ಪಾದ ತೊಲೆ. ಒಂದು ಜೇಡರ ಬಲೆ. ಗುಬ್ಬಿ ಎಲ್ಲಿ ಅಂತ ಕೇಳುವಷ್ಟರಲ್ಲಿ ಆಗಿಹೋಗಿತ್ತು. ಯಾರೋ ಬಾಯಿಗೆ ಸಕ್ಕರೆ ತುರುಕಿದರು. ಹಲಗೆ ಇನ್ನೂ ಜೋರಾಯಿತು. ನನ್ನ ಕೂಗು ಒಳಮನೆಯಲ್ಲಿದ್ದ ಅವ್ವನಿಗೆ ಕೇಳಬಾರದು ಅಂತ ಹಾಗೆ ಬಡಿಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಅವ್ವನಿಗೆ ಕೇಳಿಸಿತ್ತು.

ಹನ್ನೆರಡು ದಿನ ಮಲಗಿದ್ದೆ. ಲುಂಗಿ ಗಾಯಕ್ಕೆ ತಾಗಬಾರದು ಅಂತ ಅದರ ಮುಂದಿನ ಅಂಚಿಗೆ ದಾರ ಕಟ್ಟಿ ಕೊರಳಿಗೆ ಹಾಕಿದ್ದರು. ಮೊದಲ ಸಲ ಉಚ್ಚೆ ಹೊಯ್ಯುವಾಗ ಆದ ಉರಿ ಇವತ್ತಿಗೂ ನೆನಪಿದೆ. ಬೂದಿ ಗಾಯಕ್ಕೆ ಅಂಟಿಕೊಂಡಿತ್ತು. ದಿನಾ ಬಿಸಿನೀರು ಬಿಟ್ಟು ಅದನ್ನು ನೆನೆಸಿ ತೆಗೆಯುತ್ತಿದ್ದರು. ಆ ಹನ್ನೆರಡು ರಾತ್ರಿ ಅಪ್ಪ ನನ್ನ ಪಕ್ಕದಲ್ಲೇ ಕೂತು ಬೀಸಣಿಗೆ ಬೀಸಿದರು. ಹೊಸ ಹತ್ತಿ ಹಿಂಜಿ ನನಗೇ ಅಂತ ಒಂದು ಸಣ್ಣ ಗಾದಿ ಹೊಲಿದುಕೊಟ್ಟರು. ಒಂದು ಮಾತೂ ಆಡಲಿಲ್ಲ. ಅವರ ಅಪ್ಪನೂ ಅವರ ಹತ್ತಿರ ಆಡಿರಲಿಕ್ಕಿಲ್ಲ.

ಚಾಚಾನ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನಿಂದ ಕಲಿತ ವಿದ್ಯೆ ಅವರದು. ಕೈ ನಡುಗುತ್ತಿರಲಿಲ್ಲ. ಸುತ್ತ ಹತ್ತು ಹಳ್ಳಿಯ ಗಂಡಸರೆಲ್ಲ ಅವರ ಕೈಯಲ್ಲೇ ಖತ್ನಾ ಆದವರು. ಆದರೆ ಒಂದು ಮಗುವಿಗೆ ಬಳಸಿದ ಕತ್ತಿಯನ್ನು ಒರೆಸಿ ಇನ್ನೊಂದಕ್ಕೆ ಬಳಸುತ್ತಿದ್ದರು. ಕಾಮಾಲೆ ತರುವ ಹೆಪಟೈಟಿಸ್ ಬಿ ಹೀಗೆ ಕತ್ತಿಯಿಂದ ಹರಡುತ್ತದೆ ಅಂತ ಅವರಿಗೆ ಹೇಳಿದವರು ಯಾರು?

ಇನ್ನು ತಮ್ಮನ ಕಥೆ. ಈ ಪತ್ರ ಬರೆಯುವುದಕ್ಕೆ ಅವನೇ ಕಾರಣ.

ನನ್ನದಾದ ಮೇಲೆ ಅವನದಾಯಿತು. ನನಗೆ ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಅವನಿಗೆ ನಿಲ್ಲಲಿಲ್ಲ. ಬೂದಿ ಹಾಕಿದರು. ಮತ್ತೆ ಹಾಕಿದರು. ಅರಿಶಿಣ ಒತ್ತಿದರು. ಯಾರೋ ಕಾಫಿ ಪುಡಿ ಅಂದರು, ಅದನ್ನೂ ತುಂಬಿದರು. ಮಧ್ಯಾಹ್ನ ನೆಂಟರೆಲ್ಲ ಊಟಕ್ಕೆ ಕೂತರು. ಪಂಕ್ತಿ ಮುಗಿಯುವ ಹೊತ್ತಿಗೆ ಅವನ ಲುಂಗಿ ಎರಡು ಸಲ ಬದಲಾಗಿತ್ತು. ‘ಹುಡುಗ ಹೆದರ್‍ಯಾನ, ಅದಕ್ಕ ಹಂಗ’ ಅಂದರು ಯಾರೋ. ದೀಪ ಹಚ್ಚುವ ಹೊತ್ತಿಗೆ ಅವನ ತುಟಿ ಬೆಳ್ಳಗಾಗಿತ್ತು. ಕರೆದರೆ ಓಗೊಡುತ್ತಿರಲಿಲ್ಲ.

ಹತ್ತಿ ಹೇರುವ ಟೆಂಪೋದಲ್ಲಿ ಅವನನ್ನು ದಾವಣಗೆರೆಗೆ ಒಯ್ದರು. ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟುವಾಗ ಅವನ ಕೈ ತಣ್ಣಗಾಗಿತ್ತು ಅಂತ ಕಾಕಾ ಎಷ್ಟೋ ವರ್ಷದ ಮೇಲೆ ಹೇಳಿದರು. ಹೇಳುವಾಗಲೂ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಹೊಲಿಗೆ ಹಾಕಿದರು, ಮತ್ತೆ ರಕ್ತ ಕೊಟ್ಟರು. ಹುಡುಗ ಉಳಿದ. ಆಮೇಲೆ ಪರೀಕ್ಷೆಗಳಾಗಿ ಅವನಿಗೆ ಹಿಮೋಫಿಲಿಯಾ ಇದೆ ಅಂತ ತಿಳಿಯಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ ಇರುವ ಕಾಯಿಲೆ. ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇದರ ಮುಖ್ಯ ಬಗೆ ಇರುತ್ತದೆ. ತಾಯಿಯ ಕಡೆಯಿಂದ ಬರುತ್ತದೆ, ಕಾಡುವುದು ಹೆಚ್ಚಾಗಿ ಗಂಡು ಮಕ್ಕಳನ್ನು.

ಚಿಗವ್ವ ಅಂದರೆ ತಮ್ಮನ ತಾಯಿ. ಅವಳ ಅಣ್ಣ ಸಣ್ಣವನಿದ್ದಾಗ ಹಲ್ಲು ಬಿದ್ದು, ಬಾಯಿಂದ ರಕ್ತ ನಿಲ್ಲದೆ ತೀರಿಕೊಂಡಿದ್ದ. ಅದು ಚಿಗವ್ವನ ತವರಿನಲ್ಲಿ ಎಲ್ಲರಿಗೂ ಗೊತ್ತು. ತಮ್ಮನಿಗೂ ಆಡಿ ಬಂದರೆ ಮೊಣಕಾಲು ಊದಿಕೊಳ್ಳುತ್ತಿತ್ತು. ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತಿತ್ತು. ಅದೂ ಮನೆಯವರಿಗೆಲ್ಲ ಗೊತ್ತು. ಕೊಳಗ ಬೋರಲು ಹಾಕುವ ಮುಂಚೆ ಯಾರಾದರೂ ಚಿಗವ್ವನ ಹತ್ತಿರ ಹೋಗಿ ‘ನಿಮ್ಮ ತವರಿನ ಕಡೆ ಯಾರಿಗಾದ್ರೂ ರಕ್ತ ನಿಲ್ಲದ ತೊಂದರೆ ಇತ್ತೇನಮ್ಮಾ’ ಅಂತ ಒಂದು ಮಾತು ಕೇಳಿದ್ದರೆ? ಕೇಳಲಿಲ್ಲ. ಹೆಂಗಸರನ್ನು ಈ ವಿಷಯದಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ. ಗೊತ್ತಿದ್ದವಳು ಒಳಮನೆಯಲ್ಲಿದ್ದಳು. ಗೊತ್ತಿಲ್ಲದವರೆಲ್ಲ ಪಡಸಾಲೆಯಲ್ಲಿದ್ದರು.

ಹಿರಿಯರೇ, ಇದು ನಮ್ಮ ಪೂರ್ವಿಕರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸಾವಿರ ವರ್ಷದ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿ ಅಬುಲ್ ಖಾಸಿಂ ಅಲ್ ಜಹ್ರಾವಿ ಅನ್ನುವ ದೊಡ್ಡ ಶಸ್ತ್ರವೈದ್ಯರಿದ್ದರು. ಖತ್ನಾ ಹೇಗೆ ಮಾಡಬೇಕು ಅಂತ ವಿವರವಾಗಿ ಬರೆದರು. ಕ್ಷೌರದ ಕತ್ತಿಗಿಂತ ದಾರ ಕಟ್ಟಿ ಕತ್ತರಿಯಿಂದ ಮಾಡುವುದೇ ಮೇಲು ಅಂದರು. ಮಗುವನ್ನು ನಗಿಸಿ ಸಮಾಧಾನ ಮಾಡಿ, ಕತ್ತರಿ ಅದರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟುಕೊಳ್ಳಿ ಅಂತಲೂ ಬರೆದಿದ್ದಾರೆ. ಓದಿದಾಗ ನನಗೆ ನಮ್ಮ ಚಾಚಾನ ಗುಬ್ಬಿ ನೆನಪಾಯಿತು. ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುವ ಗಂಡಸರ ಬಗ್ಗೆ ಬರೆದವರೂ ಅವರೇ. ಯಹೂದಿಗಳೂ ನಮ್ಮಂತೆಯೇ ಖತ್ನಾ ಮಾಡುವವರು. ಒಬ್ಬ ತಾಯಿಯ ಇಬ್ಬರು ಗಂಡು ಮಕ್ಕಳು ಇದರಿಂದ ತೀರಿಕೊಂಡರೆ ಮೂರನೆಯವನಿಗೆ ಮಾಡಬಾರದು ಅಂತ ಅವರ ಗುರುಗಳು ಸುಮಾರು 1,800 ವರ್ಷದ ಹಿಂದೆಯೇ ಹೇಳಿದ್ದಾರೆ. ಅಕ್ಕತಂಗಿಯರ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಯಾವ ಲ್ಯಾಬೂ ಇಲ್ಲದ ಕಾಲದಲ್ಲಿ ಅವರು ತಾಯಂದಿರ ಮಾತು ಕೇಳಿದ್ದರು.

ಖತ್ನಾ ಕುರಾನಿನಲ್ಲಿ ಹೆಸರಿಟ್ಟು ಹೇಳಿದ್ದಲ್ಲ, ಪ್ರವಾದಿಯವರ ನಡೆನುಡಿ ಹೇಳುವ ಹದೀಸಿನಿಂದ ಬಂದದ್ದು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಧರ್ಮಶಾಸ್ತ್ರದಲ್ಲಿ ಶಾಫಿ ಪದ್ಧತಿಯವರು. ಅವರಲ್ಲಿ ಇದು ಕಡ್ಡಾಯ. ನಮ್ಮ ಕಡೆ ಹನಫಿ ಪದ್ಧತಿಯವರು ಜಾಸ್ತಿ. ನಾವು ಅದನ್ನು ಸುನ್ನತ್, ಅಂದರೆ ಪ್ರವಾದಿಯವರ ದಾರಿ ಅಂತ ಪಾಲಿಸುತ್ತೇವೆ. ಎರಡರಲ್ಲೂ ಚಿಕ್ಕವರಿದ್ದಾಗ ಇಂಥದೇ ವಯಸ್ಸಿಗೆ ಆಗಲೇಬೇಕು ಅಂತ ಗಡುವು ಇಲ್ಲ. ಜೀವಕ್ಕೆ ಅಪಾಯ ಅಂತ ತಿಳಿದರೆ ಮುಂದೂಡಬಹುದು. ಇಮಾಮ್ ಸಾಹೇಬರು ಇದನ್ನು ಒಂದು ಶುಕ್ರವಾರದ ಜುಮ್ಮಾದಲ್ಲಿ ಬಾಯಿಬಿಟ್ಟು ಹೇಳಿದರೆ ಸಾಕು, ಎಷ್ಟೋ ತಾಯಂದಿರ ಎದೆ ಹಗುರಾಗುತ್ತದೆ. ನಾನು ಹೇಳಿದರೆ ‘ಮೆಡಿಕಲ್ ಅಂಗಡಿಯವನು ಧರ್ಮದ ಮಾತಾಡ್ತಾನೆ’ ಅಂತಾರೆ.

ನನ್ನ ಅಂಗಡಿಯ ಮಾತನ್ನೂ ಹೇಳಬೇಕು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಬರುವ ಗಂಡಸರಿದ್ದಾರೆ. ಮೊದಲು ಒಂದು ಪೇಸ್ಟ್ ಕೇಳುತ್ತಾರೆ, ಆಮೇಲೆ ಒಂದು ಬಾಮ್. ಹೊರಡುವಾಗ ತಿರುಗಿ ನಿಂತು ದನಿ ಇಳಿಸಿ ‘ಅಲ್ಲಿ ಸ್ವಲ್ಪ ಉರಿ ಐತ್ರಿ, ಒಂದು ಮುಲಾಮು ಕೊಡ್ರಿ’ ಅಂತಾರೆ. ಇವರಲ್ಲಿ ಹೆಚ್ಚಿನವರು ನಮ್ಮವರಲ್ಲ. ಲಿಂಗಾಯತರು, ಕುರುಬರು, ಎಲ್ಲರೂ ಇದ್ದಾರೆ. ಸಾಮಾನ್ಯವಾಗಿ ಐವತ್ತು ದಾಟಿದವರು, ಶುಗರ್ ಇದ್ದವರು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ವರದಿ ಹೇಳಿದೆ. ಸಕ್ಕರೆ ಹಿಡಿತ ತಪ್ಪಿದರೆ ಮುಂದೊಗಲಿನ ಒಳಗೆ ಪದೇ ಪದೇ ಸೋಂಕಾಗುತ್ತದೆ, ಚರ್ಮ ಸೀಳುತ್ತದೆ. ಗಾಯ ಮಾಯ್ದು ಮಾಯ್ದು ಬಿಗಿಯಾಗಿ, ಕೊನೆಗೆ ಹಿಂದೆ ಸರಿಯುವುದೇ ಇಲ್ಲ. ಮೂತ್ರದಲ್ಲಿ ಸಕ್ಕರೆ ಹೊರಗೆ ಕಳಿಸುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು 2020ರ ನಂತರ ಅಗ್ಗವಾಗಿವೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆ. ಆದರೆ ಅಲ್ಲಿ ಫಂಗಸ್ ಆಗುವ ಸಾಧ್ಯತೆ ಹೆಚ್ಚು, ಚೊಕ್ಕಟವಾಗಿ ಇಟ್ಟುಕೊಳ್ಳಿ ಅಂತ ಬರೆದುಕೊಟ್ಟವರು ಹೇಳಿರುವುದಿಲ್ಲ, ಕೊಳ್ಳುವವರೂ ಕೇಳಿರುವುದಿಲ್ಲ.

ಒಬ್ಬ ರೈತರು ಎರಡು ವರ್ಷ ನನ್ನ ಹತ್ತಿರ ಬರೀ ಮುಲಾಮು ಒಯ್ದರು. ಡಾಕ್ಟರು ಖತ್ನಾ ಮಾಡಿಸಿಕೊಳ್ಳಿ ಅಂತ ಆಗಲೇ ಹೇಳಿದ್ದರಂತೆ. ‘ಈ ವಯಸ್ಸಿನಾಗ ನಾನು ಅದನ್ನ ಮಾಡಿಸ್ಕೊಂಡ್ರ ಸತ್ತಾಗ ಮೈ ತೊಳೆಯೋರು ಏನಂತಾರ’ ಅಂದರು. ಅವರ ಹೆದರಿಕೆ ನೋವಿನದಲ್ಲ, ಗುರುತಿನದು. ನಾನು ಅವರಿಗೆ ನನ್ನ ಕೊಳಗದ ಕಥೆ ಹೇಳಿದೆ. ಅವ್ವನ ಕಥೆ, ಹಲಗೆಯ ಕಥೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಈ ವಿಷಯವನ್ನು ಇನ್ನೊಬ್ಬ ಗಂಡಸಿನ ಮುಂದೆ ಬಾಯಿ ಬಿಟ್ಟು ಹೇಳಿದ್ದು ಅವತ್ತೇ. ಅದೂ ಬೇರೆ ಜಾತಿಯ ಹಿರಿಯರ ಮುಂದೆ, ಅಂಗಡಿಯ ಕೌಂಟರಿನ ಆಚೆ ಈಚೆ ನಿಂತು. ಅವರು ಆಪರೇಷನ್ ಮಾಡಿಸಿಕೊಂಡರು. ಒಂದೂವರೆ ತಿಂಗಳ ಮೇಲೆ ಬಂದು ಒಂದು ಚೀಲ ಹಸಿ ಶೇಂಗಾ ಇಟ್ಟು ಹೋದರು.

ಅಮ್ಮಂದಿರೂ ಬರುತ್ತಾರೆ. ಎರಡು ವರ್ಷದ ಮಗನ ಮುಂದೊಗಲು ಹಿಂದೆ ಹೋಗ್ತಿಲ್ಲ, ಎಣ್ಣೆ ಹಚ್ಚಿ ದಿನಾ ಎಳೆಯುತ್ತಿದ್ದೇನೆ ಅಂತಾರೆ. ತಾಯಂದಿರೇ, ದಯವಿಟ್ಟು ಎಳೆಯಬೇಡಿ. ಹುಟ್ಟುವಾಗ ಆ ಚರ್ಮ ಅಂಟಿಕೊಂಡೇ ಇರುತ್ತದೆ. ವರ್ಷಗಳು ಕಳೆದಂತೆ ತಾನಾಗಿಯೇ ಬಿಡುತ್ತದೆ. ಕೆಲವರಿಗೆ ದೊಡ್ಡವರಾಗುವವರೆಗೂ ಹಿಡಿಯುತ್ತದೆ. ಎಳೆದರೆ ಹರಿದು ಕಲೆಗಟ್ಟಿ, ಇಲ್ಲದ ಕಾಯಿಲೆ ಬರುತ್ತದೆ. ನಿಜವಾಗಿ ಬಿಗಿ ಇದ್ದರೂ ಡಾಕ್ಟರು ಬರೆದುಕೊಡುವ ಸ್ಟಿರಾಯ್ಡ್ ಮುಲಾಮನ್ನು ಕೆಲವು ವಾರ ಹಚ್ಚಿದರೆ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ಹಾಗಾಗಿ ಧರ್ಮದ ಕಾರಣ ಇಲ್ಲದವರು ಇದಕ್ಕಂತ ಕತ್ತರಿಗೆ ಓಡಬೇಕಾಗಿಲ್ಲ.

ನಮ್ಮವರು ಭಾಷಣದಲ್ಲಿ ‘ಖತ್ನಾ ಮಾಡಿಸಿದರೆ ಏಡ್ಸ್ ಬರಲ್ಲ ಅಂತ ವಿಜ್ಞಾನವೇ ಒಪ್ಪಿದೆ’ ಅನ್ನುವುದನ್ನೂ ಕೇಳಿದ್ದೇನೆ. ಅಷ್ಟು ಸಲೀಸಾಗಿ ಹೇಳಬಾರದು. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾದಲ್ಲಿ ದೊಡ್ಡ ಗಂಡಸರ ಮೇಲೆ ಮೂರು ಅಧ್ಯಯನ ನಡೆದವು. ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವುದು ಸುಮಾರು ಶೇ. 60ರಷ್ಟು ಕಡಿಮೆಯಾಯಿತು. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ, ಕಾಯಿಲೆ ವಿಪರೀತವಾಗಿರುವ ದೇಶಗಳಲ್ಲಿ, ಒಪ್ಪಿ ಬರುವ ಗಂಡಸರಿಗೆ ಮಾಡಿ ಅಂತ ಹೇಳಿತು. ಪೂರ್ತಿ ರಕ್ಷಣೆ ಅಂತ ಹೇಳಲಿಲ್ಲ. ನಾವು ಮಾಡುವುದು ಇಬ್ರಾಹಿಂ ನಬಿಯವರ ದಾರಿ ಅಂತ. ಅದಕ್ಕೆ ಆಫ್ರಿಕಾದ ಲೆಕ್ಕ ಯಾಕೆ ಬೇಕು?

ಈಗ ಮಗನ ವಿಷಯ. 2015ರಲ್ಲಿ ಅವನಿಗೆ ಆರು ವರ್ಷ. ಹತ್ತಿರದ ಊರಿನ ಒಂದು ಕ್ಯಾಂಪಿಗೆ ಕರೆದುಕೊಂಡು ಹೋದೆ. ಬಡವರಿಗೆ ಅನುಕೂಲ ಆಗಲಿ ಅಂತ ಒಳ್ಳೆ ಮನಸ್ಸಿನಿಂದ ಮಾಡಿದ್ದ ಕ್ಯಾಂಪ್ ಅದು. ದುಡ್ಡು ಕೊಟ್ಟವರ ಬಗ್ಗೆ ನನಗೆ ಗೌರವ ಇದೆ. ಮಕ್ಕಳು ಒಂದು ಶಾದಿಮಹಲಿನ ವರಾಂಡದಲ್ಲಿ ಸಾಲಾಗಿ ಕೂತಿದ್ದರು. ಬಾಗಿಲಿಗೆ ಒಂದು ಪರದೆ. ಒಳಗೆ ಹೋದ ಮಗು ಕಿರುಚಿದ್ದು ಹೊರಗೆ ಕೂತ ಎಲ್ಲರಿಗೂ ಕೇಳುತ್ತಿತ್ತು. ನನ್ನ ಮಗ ನನ್ನ ಬೆರಳು ಹಿಡಿದವನು ಬಿಡಲೇ ಇಲ್ಲ. ನಾನು ಪರದೆ ಸರಿಸಿ ನೋಡಿದೆ. ನೋವು ಗೊತ್ತಾಗದಂತೆ ಇಂಜೆಕ್ಷನ್ ಕೊಡುತ್ತಿದ್ದರು, ನಿಜ. ಆದರೆ ಅದು ಹಿಡಿಯಲು ಐದು ಹತ್ತು ನಿಮಿಷ ಬೇಕು. ಅಷ್ಟು ಕಾಯಲು ಪುರುಸೊತ್ತು ಯಾರಿಗಿದೆ? ಮಧ್ಯಾಹ್ನದೊಳಗೆ ಎಲ್ಲ ಮುಗಿಯಬೇಕು. ಸೂಜಿ ತೆಗೆದ ಕೈಗೇ ಕತ್ತರಿ ಬರುತ್ತಿತ್ತು. ಮಗುವಿನ ತೂಕ ನೋಡಿಯೇ ಔಷಧದ ಪ್ರಮಾಣ ಲೆಕ್ಕ ಹಾಕಬೇಕು. ಅಲ್ಲಿ ತಕ್ಕಡಿಯೇ ಇರಲಿಲ್ಲ.

ಮಗನನ್ನು ಎತ್ತಿಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಅವನು ನನ್ನ ತೊಡೆ ಮೇಲೇ ನಿದ್ದೆ ಹೋದ. ‘ಅಂಜಿ ಓಡಿ ಬಂದಾನ’ ಅಂತ ಓಣಿಯಲ್ಲಿ ಒಂದು ತಿಂಗಳು ಮಾತಾಡಿಕೊಂಡರು.

ಆಮೇಲೆ ಒಬ್ಬ ಮಕ್ಕಳ ಸರ್ಜನ್ ಹತ್ತಿರ ಹೋದೆವು. ಅವರು ಮೊದಲು ನನ್ನ ಹೆಂಡತಿಯನ್ನು ಕೂರಿಸಿ ಹತ್ತು ನಿಮಿಷ ಮಾತಾಡಿಸಿದರು. ತವರಿನ ಕಡೆ ಯಾರಿಗೆ ಏನಿತ್ತು, ಮಗುವಿಗೆ ಹಲ್ಲು ಬಿದ್ದಾಗ ಏನಾಯಿತು, ಲಸಿಕೆ ಹಾಕಿದ ಜಾಗ ಊದಿತ್ತಾ ಅಂತ ಒಂದೊಂದೇ ಕೇಳಿದರು. ನನ್ನ ಕಣ್ಣು ತುಂಬಿ ಬಂತು. ಆ ಪ್ರಶ್ನೆ ನಮ್ಮ ಮನೆಗೆ ಬರಲು ಇಪ್ಪತ್ತೇಳು ವರ್ಷ ಹಿಡಿದಿತ್ತು. ತಮ್ಮನ ವಿಷಯ ಹೇಳಿದೆ. ಅದು ಅವನ ತಾಯಿಯ ಕಡೆಯಿಂದ ಬಂದದ್ದು, ನಿಮ್ಮ ಮಗನಿಗೆ ಸಂಬಂಧ ಇಲ್ಲ ಅಂದರು. ಆದರೂ ನನ್ನ ಸಮಾಧಾನಕ್ಕೆ ರಕ್ತ ಪರೀಕ್ಷೆ ಬರೆದರು. ರಕ್ತ ನಿಲ್ಲಲು, ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡಲು ಸಾಮಾನ್ಯವಾಗಿ ಮಾಡುವ ಬಿಟಿ ಸಿಟಿ ಪರೀಕ್ಷೆಯಲ್ಲಿ ಸೌಮ್ಯ ಹಿಮೋಫಿಲಿಯಾ ತಪ್ಪಿಸಿಕೊಳ್ಳಬಹುದಂತೆ. ಎಪಿಟಿಟಿ ಅನ್ನುವ ಪರೀಕ್ಷೆ ಅದಕ್ಕಿಂತ ಮೇಲು.

ಅವತ್ತು ಅಲ್ಲಿ ಕಂಡ ಇನ್ನೊಂದು ಸಂಗತಿ. ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದಿದ್ದರು. ‘ಇವನಿಗೆ ಅಲ್ಲಾನೇ ಅರ್ಧ ಸುನ್ನತ್ ಮಾಡಿ ಕಳಿಸ್ಯಾನ್ರಿ, ಉಳಿದದ್ದು ನೀವು ಮಾಡ್ರಿ’ ಅಂದರು. ಡಾಕ್ಟರು ನೋಡಿದವರೇ ಬೇಡ ಅಂದರು. ಮೂತ್ರದ ರಂಧ್ರ ತುದಿಯಲ್ಲಿ ಇರದೆ ಕೆಳಗಡೆ ಇರುವ ಹೈಪೋಸ್ಪೇಡಿಯಾಸ್ ಅದು. ಇನ್ನೂರು ಮುನ್ನೂರು ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಮುಂದೊಗಲು ಅರ್ಧವೇ ಇರುವುದರಿಂದ ಹುಟ್ಟಿನಿಂದಲೇ ಸುನ್ನತ್ ಆದಂತೆ ಕಾಣುತ್ತದೆ. ಅದನ್ನು ಸರಿಪಡಿಸುವ ಆಪರೇಷನ್ನಿಗೆ ಆ ಚರ್ಮವೇ ಬೇಕು. ಕತ್ತರಿಸಿ ಬಿಸಾಡಿದರೆ ಆಮೇಲೆ ಸರ್ಜನ್ ಕೈಯಲ್ಲಿ ಹೊಲಿಯಲು ಚರ್ಮ ಇರುವುದಿಲ್ಲ. ಒಂದು ನಿಮಿಷ ನೋಡಿದ್ದಕ್ಕೆ ಆ ಹುಡುಗನ ಬಾಳು ಉಳಿಯಿತು. ಕ್ಯಾಂಪಿನಲ್ಲಿ ನೂರು ಮಕ್ಕಳ ನಡುವೆ ಆ ಒಂದು ನಿಮಿಷ ಸಿಗುತ್ತದಾ?

ಮಗನದು ಸಲೀಸಾಗಿ ಆಯಿತು. ಹಿಂದಿನ ದಿನ ನಾನೇ ಅವನಿಗೆ ಎಲ್ಲ ಹೇಳಿದೆ. ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಎಷ್ಟು ದಿನ ಉರಿಯುತ್ತದೆ ಅಂತ. ಗುಬ್ಬಿಯ ಕಥೆ ಹೇಳಲಿಲ್ಲ. ವಾರದಲ್ಲಿ ಎದ್ದು ಓಡಾಡಿದ. ದೊಡ್ಡವನಾದ ಮೇಲೆ ಒಂದು ದಿನ ‘ಅಪ್ಪಾ, ನೀನು ನನಗೆ ಹೇಳಿದಿ, ಆದ್ರ ಕೇಳಲಿಲ್ಲ’ ಅಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದರ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಮಕ್ಕಳು ಹೀಗೆ ಕೇಳುವ ಕಾಲ ಬಂದಿದೆ, ಕೇಳಲಿ. ಕೇಳಿದ ಮಗನನ್ನು ಗದರಬೇಡಿ.

ಈ ಪ್ರಶ್ನೆ ಕೋರ್ಟಿಗೂ ಹೋಗಿದೆ. ಜರ್ಮನಿಯ ಕಲೋನ್ ಊರಿನಲ್ಲಿ ನಾಲ್ಕು ವರ್ಷದ ಒಂದು ಮುಸ್ಲಿಂ ಹುಡುಗನಿಗೆ ಖತ್ನಾ ಆಗಿ ಎರಡು ದಿನದ ಮೇಲೆ ರಕ್ತ ಬಂತು. ತಾಯಿ ಆಸ್ಪತ್ರೆಗೆ ಓಡಿದಳು. ಅದು ಕೇಸಾಯಿತು. 2012ರಲ್ಲಿ ಅಲ್ಲಿನ ಕೋರ್ಟು, ಧರ್ಮದ ಕಾರಣಕ್ಕೆ ಮಗುವಿನ ಮೈಗೆ ಕತ್ತರಿ ಹಾಕುವುದು ಗಾಯ ಮಾಡಿದಂತೆ ಅಂದಿತು. ಡಾಕ್ಟರನ್ನು ಮಾತ್ರ ಬಿಟ್ಟಿತು. ಮುಸ್ಲಿಮರು, ಯಹೂದಿಗಳು ಇಬ್ಬರೂ ನೊಂದುಕೊಂಡರು. ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ಕಾನೂನು ಮಾಡಿ ತಂದೆ ತಾಯಿಗೆ ಆ ಹಕ್ಕು ಕೊಟ್ಟಿತು. ಆದರೆ ವೈದ್ಯ ಪದ್ಧತಿಯ ಪ್ರಕಾರವೇ ಆಗಬೇಕು, ಆರು ತಿಂಗಳು ದಾಟಿದ ಮಗುವಿಗೆ ಡಾಕ್ಟರೇ ಮಾಡಬೇಕು ಅಂದಿತು. ಕೋರ್ಟು ಬಂದು ನಮಗೆ ಹೇಳುವವರೆಗೆ ನಾವು ಯಾಕೆ ಕಾಯಬೇಕು? ಮಕ್ಕಳು ನಮ್ಮವರು. ಅವರ ನೋವೂ ನಮ್ಮದೇ.

ನಾನು ಕೇಳುವುದು ಇಷ್ಟು. ಕ್ಯಾಂಪ್ ಮಾಡಿ, ಆದರೆ ಶಾದಿಮಹಲಿನಲ್ಲಿ ಬೇಡ, ಆಪರೇಷನ್ ಥಿಯೇಟರ್ ಇರುವ ಕಡೆ ಮಾಡಿ. ನೂರು ಮಕ್ಕಳನ್ನು ಒಂದೇ ದಿನ ಮುಗಿಸುವ ಹಟ ಬಿಡಿ. ದಿನಕ್ಕೆ ಹತ್ತು ಮಾಡಿ, ರಜೆ ಪೂರ್ತಿ ಮಾಡಿ. ಒಂದು ವಾರ ಮೊದಲೇ ಪ್ರತಿ ಮಗುವನ್ನೂ ಡಾಕ್ಟರು ಪರೀಕ್ಷೆ ಮಾಡಲಿ, ತೂಕ ಬರೆಯಲಿ, ತಾಯಿಯನ್ನು ಕೂರಿಸಿ ಕೇಳಲಿ. ಸಂಶಯ ಬಂದರೆ ರಕ್ತ ಪರೀಕ್ಷೆ ಆಗಲಿ. ಆ ಖರ್ಚನ್ನು ಕಮಿಟಿ ಕೊಡಲಿ, ಬೇಕಾದರೆ ಊಟದಲ್ಲಿ ಒಂದು ಪದಾರ್ಥ ಕಡಿಮೆಯಾ­ಗಲಿ. ಇಂಜೆಕ್ಷನ್ ಹಿಡಿಯುವವರೆಗೆ ಕಾಯಲಿ. ಕರೆಂಟಿನಿಂದ ಚರ್ಮ ಸುಟ್ಟು ರಕ್ತ ನಿಲ್ಲಿಸುವ ಮಷೀನನ್ನು ಗೊತ್ತಿಲ್ಲದವರು ಮುಟ್ಟದಿರಲಿ. ಸಣ್ಣ ಮಕ್ಕಳ ಅಂಗವೇ ಸುಟ್ಟುಹೋಗುವ ಅಪಾಯ ಅದರಲ್ಲಿದೆ. ಇಷ್ಟೆಲ್ಲ ಕೇಳಿದ ಮೇಲೂ ಎರಡು ದಿನ ಎಚ್ಚರ ಬೇಕು. ಹಿಮೋಫಿಲಿಯಾ ಇರುವ ಮೂವರಲ್ಲಿ ಸುಮಾರು ಒಬ್ಬರ ಮನೆಯಲ್ಲಿ ಹಿಂದೆ ಯಾರಿಗೂ ಅದು ಇದ್ದಿರುವುದಿಲ್ಲ. ಅದಕ್ಕೇ ಪೋಸ್ಟರಿನಲ್ಲಿ ರಾತ್ರಿ ಎತ್ತುವ ಒಂದು ಫೋನ್ ನಂಬರ್ ದೊಡ್ಡದಾಗಿ ಹಾಕಿ. ರಕ್ತ ನಿಲ್ಲದಿದ್ದರೆ, ಮಗು ಉಚ್ಚೆ ಹೊಯ್ಯದಿದ್ದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಅಂತ ಬರೆಯಿರಿ. ಬೂದಿ, ಕಾಫಿ ಪುಡಿ ಬೇಡ ಅಂತಲೂ ಬರೆಯಿರಿ.

ಆರೋಗ್ಯ ಇಲಾಖೆಯವರಿಗೂ ಒಂದು ಮಾತು. ತಾಲೂಕು ಆಸ್ಪತ್ರೆಗಳಲ್ಲಿ ಸರ್ಜನ್ ಇದ್ದಾರೆ, ಥಿಯೇಟರ್ ಇದೆ. ವಾರಕ್ಕೆ ಒಂದು ದಿನ ಇದಕ್ಕೆ ಅಂತ ಇಟ್ಟರೆ ನಮ್ಮ ಮಕ್ಕಳೂ ಬರುತ್ತಾರೆ, ಶುಗರ್ ಇರುವ ಆ ರೈತರಂಥವರೂ ನಾಚಿಕೆ ಇಲ್ಲದೆ ಬರುತ್ತಾರೆ. ಹರ್ನಿಯಾ ಆಪರೇಷನ್ನಿನ ಹಾಗೆ ಇದೂ ಒಂದು ಆಪರೇಷನ್ ಅಷ್ಟೇ.

ತಮ್ಮನ ವಿಷಯ ಅರ್ಧಕ್ಕೆ ಬಿಟ್ಟೆ. ಅವನೀಗ ನಲವತ್ತು ದಾಟಿದ್ದಾನೆ. ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ, ನಮಾಜಿಗೆ ಕುರ್ಚಿ ಬೇಕು. ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿ ಇದೆ. ಅಲ್ಲಿಗೆ ಹೋಗಿಬರುವುದು ಶುರುವಾದ ಮೇಲೆ ಬದುಕು ಹಗುರಾಯಿತು ಅಂತಾನೆ. ಈ ಪತ್ರವನ್ನು ಮೊದಲು ಅವನಿಗೇ ಓದಿ ಹೇಳಿದೆ. ಅವನ ಖತ್ನಾದ ಬಗ್ಗೆ ನಾವಿಬ್ಬರೂ ಮಾತಾಡಿದ್ದು ಇದೇ ಮೊದಲು. ತುಂಬ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಕಮಿಟಿಯವರಿಗೆ ಒಂದು ಮಾತು ಸೇರಿಸು ಅಂದ. ಹೆಸರು ಬರೆಸುವ ಟೇಬಲ್ಲಿಗೆ ಈ ಸಲ ಅವನೇ ಬಂದು ಕೂರುತ್ತಾನಂತೆ. ಬಂದ ಪ್ರತಿ ತಾಯಿಯನ್ನೂ ಆ ಪ್ರಶ್ನೆ ಅವನೇ ಕೇಳುತ್ತಾನಂತೆ. ಕುರ್ಚಿ ಸ್ವಲ್ಪ ಎತ್ತರದ್ದು ಹಾಕಿಸಿ ಅಂದಿದ್ದಾನೆ.

ಇಂತಿ,
ನಿಮ್ಮ ಓಣಿಯ ಮೆಡಿಕಲ್ ಅಂಗಡಿಯವನು